ಉಬ್ಬರದಲ್ಲಿ ಬಳಚು ಹೆಕ್ಕಿಸಿದವ

ಕೊರೋನಾ ಮುಗಿದ ಮರುವರ್ಷ. ಹೊನ್ನಾವರದಲ್ಲಿ ಶರಾವತಿ ಸಮುದ್ರಕ್ಕೆ ಸೇರುವ ಕಡೆ, ಹೊಳೆಯ ದಂಡೆಯಲ್ಲಿ ನನ್ನದೊಂದು ಊಟದ ಚಪ್ಪರ. ಅಡುಗೆ ನನ್ನದು, ಬಡಿಸುವುದು ಸೊಸೆ ನಾಗವೇಣಿ. ಮಗ ಸತ್ತ ಮೇಲೆ ನಮ್ಮಿಬ್ಬರ ಹೊಟ್ಟೆ ಅದರಲ್ಲೇ. ಉಪ್ಪುನೀರಲ್ಲಿ ಬೇರು ಬಿಟ್ಟು ನಿಂತ ಕಾಂಡ್ಲಾ ಕಾಡು ನೋಡಲು ದೋಣಿಯಲ್ಲಿ ಬರುವ ಪ್ರವಾಸಿಗರು ಇಳಿದು ಅನ್ನ, ಬಳಚಿನ ಸುಕ್ಕ ಉಣ್ಣುತ್ತಿದ್ದರು. ಆದರೆ ದೋಣಿ ಎಲ್ಲಿ ನಿಲ್ಲಬೇಕೆಂದು ಹೇಳುವವನು ಅವರನ್ನು ಕರೆತರುವ ಕುಮಟೆಯ ಏಜೆಂಟ. ಅವನು ಬೇಡ ಎಂದರೆ ನಮ್ಮ ಒಲೆ ತಣ್ಣಗೆ.

ಬಳಚು ಎಂದರೆ ಹೊಳೆಯ ಕೆಸರಿನಲ್ಲಿ ಹುದುಗಿರುವ ಚಿಪ್ಪುಮೀನು. ಅದನ್ನು ಹೆಕ್ಕಲು ಇಳಿತವೇ ಆಗಬೇಕು. ನೀರು ಮೊಣಕಾಲಿಗೆ ಬಂದಾಗ ಕೂತು, ಕೈಯಿಂದ ಕೆಸರು ತಡಕಬೇಕು. ಉಬ್ಬರದಲ್ಲಿ ಅದೇ ಜಾಗದಲ್ಲಿ ಆಳು ಮುಳುಗುತ್ತಾನೆ.

ಒಂದು ಭಾನುವಾರ ಮಧ್ಯಾಹ್ನ, ಉಬ್ಬರ ತುಂಬಿದ್ದಾಗಲೇ ಏಜೆಂಟ ಎರಡು ದೋಣಿ ಜನ ತಂದ. ಬಳಚು ಹೆಕ್ಕುವುದನ್ನು ತೋರಿಸುತ್ತೇನೆಂದು ಅವರಿಗೆ ಟಿಕೆಟ್ ಮಾರಿದ್ದನಂತೆ.

"ಅಮ್ಮ, ನೀರಿಗೆ ಇಳಿರಿ. ಇವ್ರಿಗೆ ಫೋಟೊ ಬೇಕು."

"ಈಗ ಎಂತ ಸಿಗ್ತದೆ, ನಿನ್ನ ತಲೆ? ನೀರು ಇಳೀಲಿ, ಸಂಜಿಗೆ ಬಾ."

"ನಾಲ್ಕಕ್ಕೆ ಇವ್ರಿಗೆ ರೈಲದೆ."

"ಹಂಗಾರೆ ಹೊಳಿಗೇ ಹೇಳು, ಬೇಗ ಇಳಿ ಹೇಳಿ."

ಜನ ನಕ್ಕರು. ಅವನ ಮುಖ ಕಪ್ಪಾಯಿತು. ಬುಟ್ಟಿಯಲ್ಲಿ ನಾನು ತೊಳೆದಿಟ್ಟ ಬಳಚು ಕಂಡು, ಅದನ್ನೇ ದಂಡೆಯ ನೀರಿಗೆ ಚೆಲ್ಲಿ ಹೆಕ್ಕಿ ತೋರಿಸಿ ಎಂದ. ತಿನ್ನುವ ವಸ್ತುವನ್ನು ಕೆಸರಿಗೆ ಚೆಲ್ಲುವುದಿಲ್ಲ ಎಂದೆ.

"ಆತು. ನಾಳಿಂದ ದೋಣಿ ಇಲ್ಲಿ ನಿಲ್ಲೂದಿಲ್ಲ."

ಆ ಮಾತಿಗೆ ನಾಗವೇಣಿ ಹೆದರಿದಳು. ನಾನು ಒಲೆಯ ಕಡೆ ತಿರುಗಿದ್ದೆ. ಅವಳು ಸೀರೆ ಎತ್ತಿ ಕಟ್ಟಿ ಇಳಿದೇ ಬಿಟ್ಟಳು. ಕಾಲು ಜಾರಿತು, ಸೆಳೆತಕ್ಕೆ ಸಿಕ್ಕಳು. ದೋಣಿ ನಡೆಸುವ ಮಾದೇವ ಜಲ್ಲೆ ಚಾಚದಿದ್ದರೆ ಹೆಣ ಹುಡುಕಬೇಕಿತ್ತು. ಅವಳು ದಂಡೆಯಲ್ಲಿ ಬೋರಲು ಬಿದ್ದು ನೀರು ಕಾರುತ್ತಿದ್ದರೆ, ಏಜೆಂಟ ಪ್ರವಾಸಿಯೊಬ್ಬನನ್ನು ಕೇಳಿದ: "ವಿಡಿಯೋ ಬಂತಾ ಸರ್?"

ನಾನು ಒಲೆಯಿಂದ ಕೊಳ್ಳಿ ಎಳೆದುಕೊಂಡು ಬಂದೆ. "ದೋಣಿ ಹತ್ತು. ಇವ್ರನ್ನೂ ಹತ್ಸು. ಇಲ್ಲಿ ಯಾರಿಗೂ ಊಟ ಇಲ್ಲ."

ಹೋದರು. ಮರುದಿನದಿಂದ ದೋಣಿ ಆಚೆ ದಂಡೆಯಲ್ಲಿ ನಿಂತಿತು. ಅಲ್ಲೊಬ್ಬಳು ಉಬ್ಬರದಲ್ಲೂ ಬಳಚು ಹೆಕ್ಕಿ ತೋರಿಸುತ್ತಾಳೆ, ತಾನೇ ಚೆಲ್ಲಿದ್ದನ್ನು. ಅವಳ ಮೇಲೆ ನನಗೆ ಸಿಟ್ಟಿಲ್ಲ; ಅವಳಿಗೂ ಮಕ್ಕಳಿದ್ದಾರೆ. ಸಿಟ್ಟು ಅವಳನ್ನು ನೀರಿನಲ್ಲಿ ನಿಲ್ಲಿಸಿದವನ ಮೇಲೆ, ಪ್ರವಾಸೋದ್ಯಮ ಬೆಳೆಯಿತು ಎಂದು ಭಾಷಣ ಮಾಡುವವರ ಮೇಲೆ. ಬೆಳೆದದ್ದು ಯಾರ ಹೊಟ್ಟೆ?

ದೋಣಿ ಬಾರದ ಆ ಮೊದಲ ಬೆಳಿಗ್ಗೆ ನಾಗವೇಣಿ ಖಾಲಿ ಪಾತ್ರೆ ಹಿಡಿದು ಒಲೆ ಮುಂದೆ ಕೂತಿದ್ದಳು.

"ಅತ್ತೆ, ಯಾರಿಗೆ ಹೇಳಿ ಅಕ್ಕಿ ಹಾಕೂದು?"

"ಬಂದರದಲ್ಲಿ ಬಲೆ ಎಳೆಯೋರಿಗೆ ಹೊಟ್ಟೆ ಇಲ್ವಾ? ಹಾಕು."

ಅನ್ನದ ಪಾತ್ರೆ ಹೊತ್ತು ಬಂದರಕ್ಕೆ ಹೋದೆವು. ಈಗ ಅವರೇ ಚಪ್ಪರಕ್ಕೆ ಬರುತ್ತಾರೆ, ಮಳೆಗಾಲದಲ್ಲೂ. ಪ್ರವಾಸಿಗರು ಬಂದರೆ ಅವರಿಗೂ ಬಡಿಸುತ್ತೇನೆ, ಊರವರು ಉಂಡ ಮೇಲೆ. ಹೊರಗಿನವರನ್ನೊಂದೇ ನಂಬಿದ ಒಲೆ ನಮ್ಮದಲ್ಲ, ಅವರನ್ನು ಕರೆತರುವವನದು. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ, ಅದನ್ನು ಕಲಿಸಲು ಸೊಸೆಯ ಜೀವವನ್ನೇ ಕೇಳಿತ್ತು.