ಬೀಗರ ಮುಂದೆ ಎದೆನೋವು

ಅಂದು ನಮ್ಮವರಿಗೆ ಆದದ್ದು ವಾಯು ಅಲ್ಲ, ಹೃದಯಾಘಾತ. ಅದನ್ನು ಸಾವಿನ ಬಾಗಿಲ ತನಕ ತಂದದ್ದು ಮರ್ಯಾದೆ. ಬದುಕಿದ್ದು ನನ್ನ ಹರಕೆಯಿಂದಲೂ ಅಲ್ಲ, ಅವರ ಗಟ್ಟಿತನದಿಂದಲೂ ಅಲ್ಲ. ಘಟಪ್ರಭಾದ ಒಂದು ಸಣ್ಣ ದವಾಖಾನೆಯ ಮಂದಿ ಒಬ್ಬರ ಹಿಂದೆ ಒಬ್ಬರು ಓಡಿದ್ದರಿಂದ. ಊರಲ್ಲಿ ಇದನ್ನು ಬೇರೆ ಬೇರೆ ತರಹ ಹೇಳುತ್ತಾರೆ. ನಮ್ಮವರು ಹೇಳುವುದಂತೂ ಇನ್ನೊಂದೇ ತರಹ. ಅವರು ಮಲಗಿದ್ದರು, ನಾನು ನಿಂತಿದ್ದೆ. ನಿಂತವಳಿಗೆ ಹೆಚ್ಚು ಕಾಣುತ್ತದೆ, ನನ್ನದನ್ನು ಕೇಳಿ.

ಇವತ್ತು ಮುಂಜಾನೆ ಸೊಸೆ ಬದನೆಕಾಯಿ ಹೆಚ್ಚುವಾಗ ಬೆರಳು ಕುಯ್ದುಕೊಂಡು ಹತ್ತಿಯಿಂದ ಸ್ಪಿರಿಟ್ ಹಚ್ಚಿಕೊಂಡಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ರೊಟ್ಟಿಯ ಹಿಟ್ಟಿನಿಂದ ಕೈ ತೆಗೆದು ಎದ್ದು ನಿಂತುಬಿಟ್ಟೆ. "ಎಲ್ಲಿಗಿ ಹೊಂಟ್ರಿ ಅತ್ತಿ?" ಅಂದಳು. ಎಲ್ಲಿಗೂ ಇಲ್ಲ. ಮಲ್ಲಿಗೆಯ ವಾಸನೆಗೆ ಕೆಲವರಿಗೆ ತವರುಮನೆ ನೆನಪಾಗುತ್ತದಂತೆ. ನನಗೆ ಸ್ಪಿರಿಟ್ಟಿನ ವಾಸನೆಗೆ ಓಡಬೇಕು ಅನಿಸುತ್ತದೆ. ಹೆದರಿಕೆಯಿಂದಲ್ಲ, ಹುರುಪಿನಿಂದ. ಅಂಥ ಓಟವನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ.

ಮೊದಲು ದವಾಖಾನೆ ಎಂದರೆ ಒಬ್ಬನೇ ಒಬ್ಬ ಮನುಷ್ಯ. ನಾನು ಸಣ್ಣವಳಿದ್ದಾಗ ಮೂಡಲಗಿಯಿಂದ ಸೈಕಲ್ ಮೇಲೆ ಒಬ್ಬ ಡಾಕ್ಟರ್ ಬರುತ್ತಿದ್ದ. ಜ್ವರಕ್ಕೂ ಅದೇ ಕೆಂಪು ಔಷಧ, ಭೇದಿಗೂ ಅದೇ ಕೆಂಪು ಔಷಧ. ನಾಡಿ ಹಿಡಿಯುವವನು ಅವನೇ, ಸೂಜಿ ಕುದಿಸುವವನು ಅವನೇ, ಚುಚ್ಚುವವನು ಅವನೇ. ಹೀಗಾಗಿ ಘಟಪ್ರಭಾದ ಈ ದವಾಖಾನೆಗೆ ಮೊದಲ ಸಲ ಹೋದಾಗ ನನಗೆ ಸಿಟ್ಟೇ ಬಂದಿತ್ತು. ಬಾಗಿಲಲ್ಲಿ ಚೀಟಿ ಬರೆಯಲು ಒಬ್ಬ ಹುಡುಗಿ, ಒಳಗೆ ತೂಕ ನೋಡಲು ಒಬ್ಬ ಸಿಸ್ಟರ್, ರಕ್ತ ತೆಗೆಯಲು ಒಬ್ಬ, ಗುಳಿಗೆ ಕೊಡಲು ಇನ್ನೊಬ್ಬ. ಇಷ್ಟು ಮಂದಿಯ ಕೈ ದಾಟಿದ ಮೇಲೆ ಡಾಕ್ಟರ ಬಾಯಿಯ, ಅಂದರೆ ಡಾಕ್ಟರಮ್ಮನ, ಮುಖ ಕಾಣಬೇಕು. ಆಕೆಯೋ, ನನ್ನ ಮೊಮ್ಮಗಳಿಗಿಂತ ನಾಕು ವರ್ಷ ದೊಡ್ಡವಳಿದ್ದಾಳು. ಮದುವೆ ಮನೆಯಲ್ಲಿ ಸುಮ್ಮನೆ ಅಡ್ಡಾಡುವ ನೆಂಟರ ಹಾಗೆ ಇವರೆಲ್ಲ ಯಾಕೆ ಬೇಕು ಎಂದುಕೊಂಡಿದ್ದೆ. ಸೂಜಿ ಮಾಡದೆ ಕಳಿಸಿದರೆ ಪುಕ್ಕಟೆ ಹೋಗಿ ಬಂದ ಹಾಗೆ ಎನ್ನುವ ಜಾತಿಯವಳು ನಾನು.

ಇನ್ನು ಆ ದಿನಕ್ಕೆ ಬರೋಣ.

ನಮ್ಮವರು ಮುಂಜಾನೆ ಕಬ್ಬಿಗೆ ನೀರು ತಿರುವಿ ಬಂದವರು ಕಟ್ಟೆಯ ಮೇಲೆ ಕೂತು ಎದೆ ತಿಕ್ಕಿಕೊಳ್ಳತೊಡಗಿದರು. "ವಾಯು ಹಿಡದೈತಿ, ಅಜವಾನ ಕೊಡ" ಅಂದರು. ಕೊಟ್ಟೆ. ಬಿಸಿನೀರು ಕೇಳಿದರು, ಕೊಟ್ಟೆ. ನೆರಳಲ್ಲಿ ಕೂತ ಮನುಷ್ಯನ ಅಂಗಿ ಬೆವರಿಗೆ ಬೆನ್ನಿಗೆ ಅಂಟಿಕೊಂಡಿತ್ತು. "ಏಳ್ರಿ, ಒಂದ ಸೂಜಿ ಮಾಡಿಸ್ಕೊಂಡ ಬರೂಣು" ಎಂದು ನಮ್ಮೂರು ನಾಗನೂರದಿಂದ ಘಟಪ್ರಭಾದ ಬಸ್ಸು ಹತ್ತಿಸಿದೆ. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಬಸ್ಸಿನಲ್ಲಿ ಕಂಡಕ್ಟರನ ಜೊತೆಯಾದರೂ ಜಗಳ ತೆಗೆಯುವ ಮನುಷ್ಯ ಅವರು.

ದವಾಖಾನೆಯ ಬಾಗಿಲು ದಾಟಿದೆವು. ಎದುರಿನ ಬೆಂಚಿನ ಮೇಲೆ ಯಾರು? ಘೋಡಗೇರಿಯ ಈರಪ್ಪನವರು ಮತ್ತು ಅವರ ಹೆಂಡತಿ!

ಇವರು ಯಾರು ಎಂದರೆ, ನಮ್ಮ ಮೊಮ್ಮಗಳು ಗಂಗಾಳನ್ನು ತಮ್ಮ ಮಗನಿಗೆ ನೋಡಿ ಒಪ್ಪಿಕೊಂಡು ಹೋದವರು. ಬರುವ ಗುರುವಾರ ನಿಶ್ಚಯಕ್ಕೆ ಬರುವವರಿದ್ದರು. ನಿಶ್ಚಯ ಆಗುವ ತನಕ ಬೀಗರು ಎಂದರೆ ಕಾಯುವ ಹಾಲಿದ್ದಂತೆ, ಕಣ್ಣು ತೆಗೆಯುವ ಹಾಗಿಲ್ಲ. ನಮ್ಮ ಕಡೆ ಹುಡುಗಿಯ ಅಜ್ಜನಿಗೆ ಎದೆಯ ರೋಗ ಅಂದರೆ ಸಾಕು, ಸಂಜೆಯೊಳಗೆ ಅದು ಮನೆತನದ ರೋಗವಾಗಿ, ಹುಡುಗಿಗೂ ಇದ್ದೀತು ಅನ್ನುವಲ್ಲಿಗೆ ಮುಟ್ಟುತ್ತದೆ.

ಬೀಗರನ್ನು ಕಂಡದ್ದೇ ನಮ್ಮವರು ತಲೆಯ ಪಟಕಾ ಸರಿಮಾಡಿಕೊಂಡು ಎದೆ ಸೆಟೆದು ನಿಂತರು. ಸೆಟೆಯುವಾಗ ಹಲ್ಲು ಕಚ್ಚಿದ್ದು ನನಗಷ್ಟೇ ಕಂಡಿತು.

"ಏನ್ರಿ ಬೀಗ್ರ, ಈ ಕಡಿ?" ಅಂದರು ಈರಪ್ಪನವರು.

"ಏನಿಲ್ರಿ, ಇಕಿ ಮೊಣಕಾಲ ಬ್ಯಾನಿ ಅಂತ ಮುಂಜಾನಿಂದ ಜೀವಾ ತಿನ್ನಾಕತ್ತಿದ್ಲು. ತೋರಿಸಿದ್ರಾತು ಅಂತ ಕರ್ಕೊಂಡ ಬಂದೆ. ನೀವು?"

"ನಾವೂ ಸಹಜ ಬಂದಿವ್ರಿ. ಗುಳಗಿ ಕೊಡಾಂವ ನಮ್ಮ ಪೈಕಿ ಆಗಬೇಕು, ಮಾತಾಡ್ಸಿ ಹೋದ್ರಾತು ಅಂತ."

ನನ್ನ ಮೊಣಕಾಲು! ಹೊಲದ ಬದುವಿನ ಮೇಲೆ ಈಗಲೂ ಅವರಿಗಿಂತ ಮುಂದೆ ಓಡುವ ಮೊಣಕಾಲು! ಆದರೆ ಬೀಗರ ಮುಂದೆ ಗಂಡನ ಮಾತು ಕತ್ತರಿಸುವ ಹೆಂಗಸು ನಮ್ಮ ಕಡೆ ಇನ್ನೂ ಹುಟ್ಟಬೇಕು. ಕುಂಟಿದೆ. ಚೆನ್ನಾಗಿಯೇ ಕುಂಟಿದೆ. ಬೀಗಿತ್ತಿ ಕೈ ಹಿಡಿದು ಕೂಡಿಸಿ, "ಎಕ್ಕಿ ಎಲಿ ಕಾಸಿ ಕಟ್ರಿ ಅಕ್ಕಾರ, ಇಳೀತೈತಿ" ಅಂದರು. ಚೀಟಿ ಬರೆಯುವ ಹುಡುಗಿ ಸಲ್ಮಾ ನನ್ನ ಹೆಸರು ಬರೆದುಕೊಂಡಳು. ಬರೆಯುವಾಗ ನನ್ನ ಮುಖ ನೋಡಲಿಲ್ಲ, ನಮ್ಮವರ ಮುಖವನ್ನೇ ನೋಡುತ್ತಿದ್ದಳು. "ಅಜ್ಜಾ, ನೀವ್ಯಾಕ ಹಿಂಗ ಬೆವತೀರಿ?" ಅಂದಳು. "ಬಿಸಲವ್ವಾ" ಅಂದರು ಇವರು. ಹೊರಗೆ ಮೋಡ ಕವಿದಿತ್ತು.

ಸಿಸ್ಟರ್ ನನ್ನನ್ನು ಒಳಗೆ ಕರೆದಳು. ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕುತ್ತಾ, "ಯಾವ ಮೊಣಕಾಲ ಆಯಿ?" ಅಂದಳು. ಬಲಗಾಲು ಎಂದೆ. ಇನ್ನೊಂದು ಗಳಿಗೆಗೆ ಎಡಗಾಲು ಹಿಡಿದುಕೊಂಡು ಮುಲುಗಿದೆ. ಆಕೆ ನಗಲಿಲ್ಲ. ಅಷ್ಟರಲ್ಲಿ ಸಲ್ಮಾ ಪರದೆ ಸರಿಸಿ ತಲೆ ಹಾಕಿ, "ಸಿಸ್ಟರ್, ಹೊರಗಿನ ಅಜ್ಜಾರ ಬಣ್ಣ ಚಲೋ ಕಾಣವಲ್ದು" ಅಂದಳು.

ಸಿಸ್ಟರ್ ನನ್ನ ಕಡೆ ತಿರುಗಿದಳು. "ಆಯಿ, ಪೇಶಂಟ್ ನೀವೋ ಅವ್ರೋ? ಖರೆ ಹೇಳ್ರಿ."

"ಅವ್ರ."

"ಏನಾಗೈತಿ?"

"ಎದಿ ಬ್ಯಾನಿ. ಮುಂಜಾನಿಂದ."

ಆಕೆ ಹೊರಗೆ ಓಡಿದಳು, ಹಿಂದೆ ನಾನು. "ಅಜ್ಜಾ, ಒಳಗ ಬರ್ರಿ" ಅಂದರೆ ಇವರು ಬೆಂಚು ಬಿಟ್ಟು ಅಲುಗಲೊಲ್ಲರು. "ನನಗೇನಾಗೈತಿ? ಗುಂಡಕಲ್ಲ ಇದ್ದಂಗ ಅದೇನಿ. ಇಕಿನ್ನ ನೋಡ್ರಿ" ಎನ್ನುತ್ತಾರೆ. ಹಾಗೆನ್ನುವಾಗ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬೀಗರು ನೋಡುತ್ತಿದ್ದಾರೆ, ಬೀಗಿತ್ತಿ ನೋಡುತ್ತಿದ್ದಾರೆ, ಇಡೀ ಬೆಂಚು ನೋಡುತ್ತಿದೆ. ಗಂಗಾಳ ಮದುವೆ ಒಂದು ಕಡೆ, ಇವರ ಜೀವ ಒಂದು ಕಡೆ. ಬಹಳ ವಿಚಾರ ಮಾಡಿದೆ ಎಂದು ತಿಳಿಯಬೇಡಿ. ವಿಚಾರ ಮಾಡುವ ಹೊತ್ತು ಅದಲ್ಲ. ಬಾಯಿ ತಾನೇ ತೆರೆಯಿತು:

"ಇವರಿಗಿ ಎದಿ ಬ್ಯಾನಿ ಐತ್ರಿ! ಬೀಗ್ರ ನೋಡ್ತಾರಂತ ಮುಚ್ಚಿಡಾಕತ್ತಾರ! ನನ್ನ ಮೊಣಕಾಲಿಗಿ ಏನ ಧಾಡಿ ಆಗಿಲ್ಲ!"

ನೀವು ಬೆಲ್ಲದ ಗಾಣ ನೋಡಿದ್ದೀರಾ? ಒಬ್ಬ ಕಬ್ಬು ಹಾಕುತ್ತಾನೆ, ಒಬ್ಬ ಒಲೆಗೆ ಕಬ್ಬಿನ ಒಣಗರಿಯ ರವದಿ ನೂಕುತ್ತಾನೆ, ಒಬ್ಬ ಕೊಪ್ಪರಿಗೆಯ ಕೆನೆಗಸ ತೆಗೆಯುತ್ತಾನೆ. ಎಲ್ಲರೂ ತಮ್ಮ ಪಾಡಿಗೆ ಬೀಡಿ ಸೇದುತ್ತ ಹರಟೆ ಹೊಡೆಯುತ್ತ ಇರುತ್ತಾರೆ. ಪಾಕ ನೋಡುವವನು "ಬಂತು!" ಎಂದು ಕೂಗಿದ ಮೇಲೆ ನೋಡಬೇಕು. ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯದೆ ಕೊಪ್ಪರಿಗೆ ಇಳಿಸಿ ಸುರಿದುಬಿಡುತ್ತಾರೆ. ಒಬ್ಬ ತಡ ಮಾಡಿದರೂ ಇಡೀ ಅಡಿಗೆ ಸೀದು ಹೋಗುತ್ತದೆ. ಅಲ್ಲಿ ಹಾಗೇ ಆಯಿತು.

ಸಿಸ್ಟರ್ ಮತ್ತು ರಕ್ತ ತೆಗೆಯುವ ಮಾರುತಿ ಸೇರಿ ಇವರನ್ನು ಮಂಚದ ಮೇಲೆ ಮಲಗಿಸಿದರು. ಮಾರುತಿ ಎದೆಗೆ ವೈರು ಅಂಟಿಸಲು ಬಂದರೆ ಇವರು ಎರಡೂ ಕೈಯಿಂದ ಪಟಕಾ ಹಿಡಿದುಕೊಂಡಿದ್ದಾರೆ. "ಪಟಕಾ ಇರ್ಲಿ ಅಜ್ಜಾ, ನನಗ ಅಂಗಿ ಅಷ್ಟ ಬೇಕು" ಅಂದ. ಯಂತ್ರ ಕರ್ ಕರ್ ಎಂದು ಕಾಗದದ ಪಟ್ಟಿ ಉಗುಳಿತು. ಡಾಕ್ಟರ ಬಾಯಿ ಯಾರನ್ನೋ ನೋಡುತ್ತಿದ್ದವರು ಅರ್ಧಕ್ಕೇ ಎದ್ದು ಬಂದರು. ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಿದರು, ಅಷ್ಟೇ. ದನಿ ಏರಿಸಲಿಲ್ಲ, ಆದರೆ ಆ ದನಿಗೆ ಎಲ್ಲರ ಕಾಲಿಗೂ ಚಕ್ರ ಬಂತು.

"ಕಾಕಾ, ಇದು ವಾಯು ಅಲ್ರಿ. ಹೃದಯದ ರಕ್ತನಾಳ ಕಟ್ಟೈತಿ. ಬೆಳಗಾವಿಗಿ ಹೋಗಬೇಕು, ಈಗಿಂದೀಗ."

ಗುಳಿಗೆ ಕೊಡುವವನು ಕಿಟಕಿ ಬಿಟ್ಟು ಮುಷ್ಟಿಯಲ್ಲಿ ಗುಳಿಗೆ ಹಿಡಿದು ಬಂದ. "ಅಗೀರಿ, ಹಂಗ ನುಂಗಬ್ಯಾಡ್ರಿ" ಎಂದು ಬಾಯಿಗೆ ಹಾಕಿಯೇಬಿಟ್ಟ. ಡಾಕ್ಟರ ಬಾಯಿ ಪಟ್ಟಿಯ ಫೋಟೋ ತೆಗೆದು ಬೆಳಗಾವಿಗೆ ಕಳಿಸಿ, ಫೋನಿನಲ್ಲಿ ಅಲ್ಲಿಯ ಹೃದಯದ ಡಾಕ್ಟರರನ್ನು ಎಬ್ಬಿಸಿ ಕೂಡಿಸಿದ ಹಾಗೆ ಮಾತಾಡುತ್ತಿದ್ದರು. ಸಿಸ್ಟರ್ ಕೈಗೆ ಸೂಜಿಯ ನಳಿಗೆ ಹಾಕುತ್ತಿದ್ದಳು. ಸಲ್ಮಾ ಒಂದು ಕಿವಿಯಲ್ಲಿ ಆಂಬುಲೆನ್ಸಿನವನನ್ನು, ಇನ್ನೊಂದು ಕಿವಿಯಲ್ಲಿ ನನ್ನ ಮಗನನ್ನು ಹಿಡಿದಿದ್ದಳು. ಮಗನ ಪಂಪಿನ ಅಂಗಡಿ ಘಟಪ್ರಭಾ ಸ್ಟೇಷನ್ನಿನ ಬಾಜೂಕೇ ಇದೆ. ಕೈಯ ಗ್ರೀಸು ಒರೆಸಿಕೊಳ್ಳದೆ ಓಡಿ ಬಂದ. ಯಾರನ್ನು ಸುಮ್ಮನೆ ಅಡ್ಡಾಡುವ ನೆಂಟರು ಎಂದುಕೊಂಡಿದ್ದೆನೋ ಅವರಲ್ಲಿ ಒಬ್ಬರ ಕೈಯೂ ಖಾಲಿ ಇರಲಿಲ್ಲ. ಖಾಲಿ ಇದ್ದದ್ದು ನನ್ನದೊಂದೇ. ಅದಕ್ಕೆ ಬಾಯಿ ಉಪಯೋಗಿಸಿದೆ.

"ಸೂಜಿ ಯಾವಾಗ ಮಾಡ್ತೀರಿ?"

"ಆಯಿ," ಅಂದಳು ಸಿಸ್ಟರ್, "ನೀವು ಗ್ವಾಡಿಗಿ ಹತ್ತಿ ನಿಂದರ್ರಿ. ಅದ ದೊಡ್ಡ ಉಪಕಾರ."

ನಿಂತೆ. ಗೋಡೆಗೆ ಬೆನ್ನು ಹಚ್ಚಿದೆ. ಅಳು ಬರಲಿಲ್ಲ, ಅಳುವುದಕ್ಕೆ ಅಲ್ಲಿ ಜಾಗವೂ ಇರಲಿಲ್ಲ.

ಆಂಬುಲೆನ್ಸ್ ಬಂತು. ಹೊತ್ತುಕೊಂಡು ಹೋಗಲು ಕುರ್ಚಿ ತಂದರು. ನಮ್ಮವರು ಮತ್ತೆ ಹಟ ಹಿಡಿದರು. "ನಡಕೋಂತ ಹೊಕ್ಕೇನಿ. ಹೊತ್ತ ಒಯ್ಯೂದು ಹೆಣಾನ."

"ಒಂದ ಹೆಜ್ಜಿ ಇಡಾಂಗಿಲ್ಲ ಕಾಕಾ, ಎದಿ ಮ್ಯಾಲ ಭಾರ ಬೀಳತೈತಿ" ಅಂದರು ಡಾಕ್ಟರ ಬಾಯಿ. ಇವರು ಕೇಳಲೊಲ್ಲರು, ಮಂಚದಿಂದ ಕಾಲು ಇಳಿಬಿಟ್ಟೇಬಿಟ್ಟರು. ಆಗ ಬಾಗಿಲಲ್ಲಿ ನಿಂತಿದ್ದ ಈರಪ್ಪನವರು ಧೋತರ ಮೇಲೆ ಕಟ್ಟಿಕೊಂಡು ಒಳಗೆ ಬಂದರು.

"ಮದಿವಿ ಗಂಡನ್ನೂ ಹೊತ್ತ ಕುಣಸ್ತಾರ್ರಿ ಬೀಗ್ರ. ಸುಮ್ನ ಕುಂದರ್ರಿ. ನಾ ಹೊರತೇನಿ, ಯಾವಾಂವ ನಗತಾನ ನೋಡೂಣು."

ಕುರ್ಚಿಯ ಒಂದು ಕಡೆ ಬೀಗರು, ಇನ್ನೊಂದು ಕಡೆ ಮಾರುತಿ. ಪಟಕಾ ಸುತ್ತಿಕೊಂಡು, ಬರಿಮೈಯಲ್ಲಿ, ವೈರಿನ ಅಂಟು ಎದೆಗೆ ಹತ್ತಿಸಿಕೊಂಡು ನಮ್ಮವರು ಮೆರವಣಿಗೆ ಹೊರಟರು. ಜೊತೆಗೆ ಒಬ್ಬರೇ ಕೂಡಬೇಕಂತೆ, ಮಗ ಹತ್ತಿದ. ಗಾಡಿ ಕೂಗುತ್ತ ಹೋಯಿತು.

ಡಾಕ್ಟರ ಬಾಯಿ ನನ್ನ ಹೆಗಲು ಮುಟ್ಟಿ, "ವ್ಯಾಳ್ಯಾಕ ಬಾಯಿ ಬಿಟ್ರಿ ಆಯಿ. ಇನ್ನ ಸ್ವಲ್ಪ ಹೊತ್ತ ಮೊಣಕಾಲ ನೋಡಿದ್ವಿ ಅಂದ್ರ ಕಷ್ಟ ಇತ್ತು" ಎಂದು ಹೇಳಿ, ಅರ್ಧಕ್ಕೆ ಬಿಟ್ಟ ಪೇಶಂಟಿನ ಕಡೆ ಹೋದರು. ಈರಪ್ಪನವರು ಹೆಂಡತಿಯ ಬಾಜೂಕೆ ಕೂತು ಗಂಭೀರವಾಗಿ ಮೀಸೆ ಒರೆಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಮಾರುತಿ ಒಳಗಿನಿಂದ ಕೂಗಿದ: "ಈರಪ್ಪ ಕಾಕಾ, ಊಟಾ ಮಾಡಿ ಎರಡ ತಾಸ ಆತ್ರಿ, ಸಕ್ಕರಿ ನೋಡಾಕ ರಕ್ತಾ ಕೊಡಾಕ ಬರ್ರಿ! ಹ್ವಾದ ಸಲ ಭಾಳ ಏರಿತ್ತು!"

ನಾನು ಬೀಗರನ್ನು ನೋಡಿದೆ. ಬೀಗರು ಗೋಡೆಯ ಕ್ಯಾಲೆಂಡರು ನೋಡಿದರು.

"ಮಾತಾಡ್ಸಾಕ ಬಂದಿದ್ರಿ?" ಅಂದೆ. ಬೀಗಿತ್ತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನನಗೂ ನಗೆ ಬಂತು. ಗಂಡ ಆಂಬುಲೆನ್ಸಿನಲ್ಲಿದ್ದಾನೆ, ಹೆಂಡತಿ ದವಾಖಾನೆಯಲ್ಲಿ ಹೊಟ್ಟೆ ಹಿಡಿದು ನಗುತ್ತಿದ್ದಾಳೆ. ನೋಡಿದವರು ಏನೆಂದುಕೊಂಡರೋ.

ಸಂಜೆ ಮಗನ ಫೋನು ಬಂತು. ರಕ್ತನಾಳ ತೆರೆದರಂತೆ, ಗಂಡಾಂತರ ದಾಟಿತಂತೆ, ಮಾತಾಡುತ್ತಿದ್ದಾರಂತೆ. ಆಮೇಲೆ ಮಗ ದನಿ ತಗ್ಗಿಸಿ, "ಅವ್ವಾ, ಅಪ್ಪ ಒಂದ ಮಾತ ಹೇಳಂದಾನ. ಬೀಗರಿಗಿ ಬರೇ ವಾಯು ಆಗಿತ್ತು ಅಂತ ಹೇಳಬೇಕಂತ" ಅಂದ. ಎದೆಯೊಳಗೆ ಸ್ಪ್ರಿಂಗು ಹಾಕಿಸಿಕೊಂಡು ಮಲಗಿದ ಮನುಷ್ಯ! ಓಣಿಯ ಹೆಂಗಸರೂ ಬಂದು, "ಇನ್ನೇನ ಬೀಗ್ರ ಬರೂದಿಲ್ಲ ಬಿಡ್ರಿ" ಎಂದು ಸಮಾಧಾನ ಹೇಳಿ ಹೋದರು. ಬಾಗಿಲ ಹಿಂದೆ ನಿಂತ ಗಂಗಾ ಏನೂ ಕೇಳಲಿಲ್ಲ. ಕೇಳಿದ್ದರೆ ಬೈದು ಸುಮ್ಮನಾಗುತ್ತಿದ್ದೆ.

ಮರುದಿನ ಮುಂಜಾನೆ ಮೊದಲ ಬಸ್ಸು ಹಿಡಿದು ಘೋಡಗೇರಿಗೆ ಹೋದೆ. ಈರಪ್ಪನವರ ಪಡಸಾಲೆಯಲ್ಲಿ ಮನೆಯವರೆಲ್ಲ ಬಂದು ನೆರೆಯುವ ತನಕ ನಿಂತೇ ಇದ್ದೆ, ಹುಡುಗನನ್ನೂ ಕರೆಸಿದೆ. ಆಮೇಲೆ ಹೇಳಿದೆ: "ನಮ್ಮವರಿಗಿ ಆಗಿದ್ದು ವಾಯು ಅಲ್ಲ, ಹಾರ್ಟ್. ನನಗ ಮೊಣಕಾಲ ಗಟ್ಟಿ ಅದಾವು, ಕಿವಿ ಮಂದ. ಮಗನಿಗಿ ಬೆನ್ನ ಹಿಡೀತೈತಿ. ಗಂಗಾಗ ಕನ್ನಡಕ ಐತಿ, ನೀವು ನೋಡಾಕ ಬಂದಾಗ ತಗದ ಇಟ್ಟಿದ್ಲು, ಅದಕ್ಕ ಚಹಾ ಚೆಲ್ಲಿದ್ಲು. ಮುಚ್ಚಿಟ್ಟಿದ್ದು ಇನ್ನೇನೂ ಉಳದಿಲ್ಲ. ಈಗ ನಿಮ್ಮ ಮನ್ಯಾಗಿಂದು ಒಂದೊಂದ ಹೇಳ್ರಿ, ಆಮ್ಯಾಲ ಗುರುವಾರದ ಮಾತ ಮಾತಾಡೂಣು."

ಅಂದು, ಕಂಬಳಿಯ ಮೇಲೆ ಕಾಲು ಚಾಚಿ ಕೂತೆ.