ಓರಗಿತ್ತಿಯ ಸೀರೆಯುಟ್ಟು ಹಾಲು ಕರೆದದ್ದು

ಓರಗಿತ್ತಿ ಜಯಮ್ಮನ ಹಳೆಯ ಸೀರೆಯುಟ್ಟು, ತಲೆತುಂಬ ಸೆರಗು ಹೊದ್ದು, ನಾನು ಹಾಲು ಕರೆಯಲು ಕೂತೆ. ಹಸು ಒದೆಯಲಿಲ್ಲ.

ಜಯಮ್ಮ ಹರವೆ ಊರಿನ ಹತ್ತಿರ ಸಿಟ್ರೊನೆಲ್ಲಾ ಹುಲ್ಲು ಬೇಯಿಸಿ ಎಣ್ಣೆ ತೆಗೆಯುವ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಅವಳ ಬಟ್ಟೆಗೆ ಹತ್ತಿದ ನಿಂಬೆಯಂಥ ವಾಸನೆಗೆ ನೊಣ, ಸೊಳ್ಳೆ ಸುಳಿಯುತ್ತಿರಲಿಲ್ಲ. ಹಸು ಅವಳಿಗಷ್ಟೇ ಕರೆಯಲು ಬಿಡುತ್ತಿತ್ತು. ಅತ್ತೆಯೂ ಹಾಗೆಯೇ. ಕೊಬ್ಬರಿ ಎಣ್ಣೆಗೆ ನಾಲ್ಕು ತೊಟ್ಟು ಆ ಎಣ್ಣೆ ಬೆರೆಸಿ ಅವಳು ಹಣೆಗೆ ತೀಡಿದರೆ ತಲೆಭಾರ ಇಳಿಯುವುದು; ಅದನ್ನೇ ನಾನು ತೀಡಿದರೆ ಇಲ್ಲ.

ಅವಳು ಗುಂಡ್ಲುಪೇಟೆಯ ತವರಿಗೆ ಹೋಗಿ ನಾಲ್ಕು ದಿನವಾಗಿತ್ತು. ಕಣ್ಣು ಮಂಜಾಗಿದ್ದ ಅತ್ತೆ ಕೊಟ್ಟಿಗೆಗೆ ಬಂದವರೇ ನನ್ನ ತಲೆ ಸವರಿದರು.

"ಬಂದ್ಯಾ ಜಯಮ್ಮಿ? ನೀನಿಲ್ದೆ ಮನೇಲಿ ಯಾರೂ ಇಲ್ದಂಗಾಗಿತ್ತು ಕಣಮ್ಮಿ."

ನಾಲ್ಕು ದಿನವೂ ಅವರಿಗೆ ಮುದ್ದೆ ತೊಳಸಿ ಬಡಿಸಿದವಳು ನಾನು.

"ಊಂ ಕಣತ್ತೆ, ಬಂದೆ" ಎಂದೆ. ಬೇಕೆಂದೇ ಅವಳ ದನಿ ತೆಗೆದೆನೋ, ತಾನಾಗಿಯೇ ಹಾಗೆ ಬಂತೋ, ಒಂದೊಂದು ಸಲ ಒಂದೊಂದು ಥರ ನೆನಪಾಗುತ್ತದೆ. ಅವರು ಸವರಿ ಮುಗಿಸುವವರೆಗೂ ಅಲುಗಾಡದೆ ಕೂತಿದ್ದು ಮಾತ್ರ ನಿಜ.

ಇದು ತೊಂಬತ್ತರ ದಶಕದ ಮಾತು. ಆ ಕೈ ಅಷ್ಟು ಬೆಚ್ಚಗಿರುತ್ತದೆಂದು ತಿಳಿಯುವ ಮೊದಲು ಜಯಮ್ಮನ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಆಮೇಲಿನದರ ಮುಂದೆ ಏನೇನೂ ಅಲ್ಲ.