ಟವೆಲ್ ಕಟ್ಟಿದ ಪಾಳಿ

ಅಂಬೇವಾಡಿ ಆಟೋ ಸ್ಟ್ಯಾಂಡಿನ ಬಾಜೂಕ ನನ್ನ ಚಹಾದಂಗಡಿ. ನನ್ನ ಹೆಸರು ಸುಶೀಲವ್ವ. ಬಾಯಿ ಜೋರು ಅಂತಾರ, ಅನ್ನಲಿ. ಕಾಸಿಂಸಾಬನ ಸುದ್ದಿ ಹೇಳಾಕ ಇಂಥಾ ಬಾಯಿನ ಬೇಕು.

ಮೂವತ್ತು ವರ್ಷದಿಂದ ಆಟೋ ಹೊಡಿಯೋ ಮನಷಾ. ಸ್ಟ್ಯಾಂಡಿಗೆ ಪಾಳಿ ಹಚ್ಚಿದಾಂವ ಆಂವನ. ಮೊದಲು ಬಂದಾಂವಗ ಮೊದಲ ಬಾಡಿಗಿ. ನಮಾಜಿಗೋ ಊಟಕ್ಕೋ ಹೋಗೂ ಮುಂದ ಹ್ಯಾಂಡಲ್ಲಿಗೆ ಟವೆಲ್ ಕಟ್ಟಿ ಹೋದ್ರ ಪಾಳಿ ಹಂಗ ಉಳೀತೈತಿ; ಸೀಟು, ಅಂದ್ರ ಬಾಡಿಗಿ ಮಂದಿ, ಬಂದ್ರ ಆಂವ ಬರೂತನಕ ಕಾಯಬೇಕು. ಪಾಳಿ ಮುರದಾಂವ ಮೂರು ದಿನ ಸ್ಟ್ಯಾಂಡಿಗೆ ಬರೂಹಂಗಿಲ್ಲ. ಈ ಪಾಳಿ ಇರೂದಕ್ಕ ರಾಜಶ್ರೀ ಬದುಕ್ಯಾಳ. ಗಂಡ ಸತ್ತಮ್ಯಾಲ ಆಂವನ ಆಟೋ ಹಿಡದಾಕಿ. ಗಂಡಸರ ಗದ್ದಲದಾಗ ನುಗ್ಗಿ ಸೀಟು ಹಿಡಿಯೂದು ಆಕಿಗೆ ಆಗೂದಿಲ್ಲ.

ಹೋದ ತಿಂಗಳು ಲಗಮಪ್ಪ ಆಕಿ ಪಾಳಿ ನುಂಗಿದ. ಮೂರು ಆಟೋದ ಧಣಿ ಆಂವ. ಮೂರು ದಿನ ಹೊರಗಿರು ಅಂತ ಕಾಸಿಂಸಾಬ ಅಂದ್ರ, "ಯಾರ ತಡೀತೀರಿ?" ಅಂದ. ಯಾರೂ ತಡೀಲಿಲ್ಲ.

ಅವತ್ತಿಂದ ನನ್ನ ಅಂಗಡಿ ಬೆಂಚಿನ ಮ್ಯಾಲ ಆ ಇಬ್ಬರದೂ ದಿನಾ ವಾದ. ಟಿವ್ಯಾಗ ಯುದ್ಧದ ಸುದ್ದಿ ಬಂದ್ರ ಸಾಕು. "ಜಗತ್ತಿನ ಕೋರ್ಟು ಬ್ಯಾಡ ಅಂದ್ರ ದೊಡ್ಡ ದೇಶ ಕೇಳ್ತಾವೇನು? ಬಲ ಇದ್ದಾಂವಂದ ಕಾಯ್ದೆ, ಕಾಸಿಂಭಾಯಿ," ಅಂತಿದ್ದ ಲಗಮಪ್ಪ.

"ಕೇಳೂದಿಲ್ಲ, ಖರೆ. ಆದ್ರ ತಪ್ಪಿಗೆ ತಪ್ಪು ಅನ್ನೂ ಒಂದು ಬಾಯಿ ಇರಬೇಕಲ್ಲೋ," ಅಂತಿದ್ದ ಕಾಸಿಂಸಾಬ. ನನಗ ಲಗಮಪ್ಪನ ಮಾತ ಖರೆ ಅನಿಸ್ತಿತ್ತು, ಅದಕ್ಕ ಆಂವನ ಚಹಾದ ಗ್ಲಾಸು ಕುಕ್ಕಿ ಇಡತಿದ್ದೆ.

ಒಂದಿನ ಮಧ್ಯಾಹ್ನ ಇದ ವಾದ ಮಾಡಕೋತ ಎದ್ದು ಹೋದ ಕಾಸಿಂಸಾಬ, ಗಣೇಶಗುಡಿ ಸೀಟು ಕೂಡಿಸ್ಕೊಂಡು ಹೊಂಟೇಬಿಟ್ಟ. ಆಂವನ ಮುಂದಿದ್ದ ರಾಜಶ್ರೀ ಆಟೋಕ್ಕ ಟವೆಲ್ ಕಟ್ಟಿತ್ತು. ಆಂವ ನೋಡಲೇ ಇಲ್ಲ. ಆಕಿ ಊಟ ಮುಗಿಸಿ ಬಂದು ಇನ್ನೊಂದು ಸೀಟಿನ ದಾರಿ ಕಾದಳು.

ತಿರುಗಿ ಬಂದಮ್ಯಾಲ ಆಂವಗ ಗೊತ್ತಾತು. "ಬೇಲಿನ ಎದ್ದು ಹೊಲ ಮೇಯ್ತಲ್ಲಪಾ," ಅಂತ ಲಗಮಪ್ಪ ನಕ್ಕ. "ಬಿಡ್ರಿ ಚಾಚಾ, ಗೊತ್ತಿಲ್ಲದ ಆಗೇತಿ," ಅಂದಳು ರಾಜಶ್ರೀ. ಉಳಿದವರೂ ಬಿಡು ಅಂದ್ರು. ಕಾಸಿಂಸಾಬ ಆಟೋ ತಿರುವಿಕೊಂಡು ಮನಿಗೆ ಹೋದ. ಮೂರು ದಿನ ಬರಲಿಲ್ಲ.

ನಾಲ್ಕನೇ ದಿನ ಚಹಾ ಕೊಡೂ ಮುಂದ ಬೈದೆ. "ನಿನ್ನ ಯಾರ ತಡೀತಿದ್ರೋ ಮಾರಾಯಾ?"

"ಯಾರೂ ತಡೀತಿದ್ದಿಲ್ಲ ಅಕ್ಕಾ. ಅದಕ್ಕ ನಾನ ಹೋದೆ."

ಲಗಮಪ್ಪ ತನ್ನ ಮೂರು ದಿನ ಇವತ್ತಿಗೂ ಹೊರಗ ಕೂತಿಲ್ಲ. ಆದ್ರ ನಿನ್ನೆ ರಾಜಶ್ರೀ ಊಟಕ್ಕ ಹೋದಾಗ ಒಂದು ಸೀಟು ಬಂತು. ಲಗಮಪ್ಪ ಆಟೋ ಚಾಲೂ ಮಾಡಿದ, ಮುಂದಿನ ಆಟೋದ ಟವೆಲ್ ನೋಡಿದ, ಬಂದ್ ಮಾಡಿದ.

"ತಡೀರಿ," ಅಂದ ಬಂದವರಿಗೆ, "ಆಕಿ ಬರ್ತಾಳ."